ಮೂರು ಎಕರೆ ಇಪ್ಪತ್ತು ಗುಂಟೆ

ಪಹಣಿಯಲ್ಲಿದ್ದ ಹಾಗೇ
ಮೂರು, ನಡುವೆ ಒಂದು ಅಡ್ಡಗೆರೆ, ಇಪ್ಪತ್ತು.
ಎಂಟರ್ ಒತ್ತಿದೆ.
ಮಾರ್ಚ್ ಇಪ್ಪತ್ತು, ಅಂತು ಎಕ್ಸೆಲ್ಲು.

ಅಳಿಸಿ ಬರೆದೆ. ಮತ್ತೆ ಮಾರ್ಚು.
ಹಿಂದೆ ಕೂತು ತೊಗರಿ ಕೇರುತ್ತಿದ್ದ ಅತ್ತೆ ಘಾಳೆಮ್ಮ,
“ಯಾನ್ ಅನ್ಲತ್ತದ ಅದು?”
ನಮ್ಮ ಹೊಲ ತಾರೀಖು ಆಗ್ಯಾದ, ಅಂದೆ.
“ಮಾರ್ಚಿನಾಗ ಹೊಲದಾಗ ಯಾನಿರ್ತದ?
ಖಾಲಿ ಇರ್ತದ. ಅದಕ್ಕೂ ಗೊತ್ತದ ಬಿಡು.”

ಭಾಲ್ಕಿಯ ಜೆರಾಕ್ಸ್ ಅಂಗಡಿಯಿಂದ ತಂದ ಹಳೇ ಲ್ಯಾಪ್‌ಟಾಪು,
ಬ್ಯಾಟರಿ ಸತ್ತದ್ದು.
ಕರೆಂಟ್ ಹೋದರೆ ಹೊಲವೂ ಹೋಗುತ್ತದೆ.

ಬೀದರಿನಲ್ಲಿ ಮೂರು ದಿನ ಕಲಿಸಿದ್ದರು:
ಬೆಳೆಗೊಂದು ಹಾಳೆ, ದನಕ್ಕೊಂದು ಹಾಳೆ,
ಖರ್ಚು ಎಡಕ್ಕೆ, ಆವಕ ಬಲಕ್ಕೆ.
ಯಾರೂ ಕಲಿಸಲಿಲ್ಲ,
ಸೋಯಾದ ಐದು ಸಾಲಿಗೆ ಒಂದು ಸಾಲು ತೊಗರಿ ಬಿತ್ತಿದರೆ
ಕಳೆ ತೆಗೆದ ಕೂಲಿ ಯಾವ ಸಾಲಿನಲ್ಲಿ ಬರೆಯಬೇಕೆಂದು.
ಖುರ್ಪಿ ಒಂದೇ, ಬಗ್ಗಿದ ಸೊಂಟ ಒಂದೇ.
ಸೋಯಾಕ್ಕೆ ಎಷ್ಟು ಬಗ್ಗಿದೆ, ತೊಗರಿಗೆ ಎಷ್ಟು?
ಆರರಿಂದ ಭಾಗಿಸಿದೆ.
ಸೊಂಟ ಒಪ್ಪಲಿಲ್ಲ.

ಸೋಯಾದ ಮೊತ್ತ ತನ್ನ ಮನೆಯಲ್ಲಿ ಹಿಡಿಸದೆ
ಮುಳ್ಳುತಂತಿಯಾಗಿ ನಿಂತಿತು.
ಬದು ಹಿಡಿದು ಪಕ್ಕದ ಮನೆಯೊಳಗೆ ಸರಿಸಿದೆ,
ಎರಡು ಬೆರಳಷ್ಟು.
ಯಾರೂ ಪಂಚಾಯ್ತಿಗೆ ಹೋಗಲಿಲ್ಲ.

ದನದ ಹಾಳೆ ಸಣ್ಣದು.
ವಾನೇರಾ: ದೇವಣಿ ಆಕಳು, ಮೈ ಬಿಳಿ, ಮಾರಿ ಕರಿ.
ಅದರ ಕರು. ಆಡು ನಾಲ್ಕು. ಕೋಳಿ ಹನ್ನೊಂದು,
ಒಂದು ಕಾವಿಗೆ ಕೂತಿದೆ,
ಹಾಗಾಗಿ ಹನ್ನೊಂದು ಎಂಬುದು ಈ ವಾರದ ಮಾತು.
ವಾನೇರಾ ಹಾಲು ಬತ್ತಿ ಮೂರು ತಿಂಗಳು.
ಖರ್ಚಿನಲ್ಲಿ ಕಣಿಕಿ, ಹಿಂಡಿ, ಹೊಟ್ಟು,
ಡಾಕ್ಟರು ರುಕ್ಮೋದ್ದೀನರ ಎರಡು ಸೂಜಿ.
ಆವಕದಲ್ಲಿ ಏನೂ ಇಲ್ಲ. ಮೊತ್ತ ಕೆಂಪು.
ಕೆಂಪು ಅಂದರೆ ಮಾರು ಅಂತ.
ಬೀದರಿನ ಮೇಡಂ ಅದನ್ನು ಮೆತ್ತಗೆ ಹೇಳಿದ್ದರು.

“ಸಗಣಿ ಎಲ್ಲಿ ಬರದಿ?”

ಬರೆದೆ. ತಿಪ್ಪೆಗೊಬ್ಬರ, ಆರು ಗಾಡಿ. ಗಾಡಿಗೆ ಎಷ್ಟು?
“ಹೊಲಕ್ಕ ಕೇಳು.”
ಹೊಲದ ಹಾಳೆಗೆ ಹೋದೆ. ಅದು ಜೋಳದ ಕಡೆ ಕೈ ತೋರಿಸಿತು.
ಜೋಳ ಕಣಿಕಿಯ ಕಡೆ.
ಕಣಿಕಿಯ ಬೆಲೆ ತಿಂದ ಆಕಳಿಗೇ ಗೊತ್ತು,
ಆಕಳ ಬೆಲೆ ಸಗಣಿಗೆ.
ಈ ಮನೆಯಿಂದ ಆ ಮನೆಗೆ ಸಮ ಚಿಹ್ನೆಯ ದಾರ ಎಳೆದು
ಸುತ್ತಿ ತಂದು ಹೊರಟಲ್ಲೇ ಗಂಟು ಹಾಕಿದೆ.

ಪೆಟ್ಟಿಗೆಯೊಂದು ಎದ್ದು ನಿಂತಿತು:
ನಿಮ್ಮ ಲೆಕ್ಕ ತನ್ನನ್ನೇ ಸುತ್ತುತ್ತಿದೆ. ಸರಿಪಡಿಸಿ.

ಓದಿ ಹೇಳಿದೆ. ಮೊರ ನಿಂತಿತು.
ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ.
“ಸರಿಪಡ್ಸು ಅಂದ್ರ
ಯಾವ್ದು ಬಿಡು ಅನ್ಲತ್ತದ? ಆಕಳಾ? ಹೊಲಾ?”

ಎಲ್ಲಾದರೂ ಒಂದು ಕಡೆ ದಾರ ಬಿಚ್ಚಿ
ಕೈಯಾರೆ ಒಂದು ಅಂಕಿ ಇಡಬೇಕಿತ್ತು,
ಸೂತ್ರವಿಲ್ಲದ್ದು, ಯಾರಾದರೂ ನಂಬಿ ಹೇಳಿದ್ದು.
ಅತ್ತೆ ಎದ್ದು ಕೊಟ್ಟಿಗೆಗೆ ಹೋದಳು.
ಸ್ವಲ್ಪ ಹೊತ್ತು ಗಂಟೆಯ ಸದ್ದು.
ಸೆರಗಿಗೆ ಕೈ ಒರೆಸುತ್ತ ಬಂದು,
“ಗಾಡಿಗಿ ಹನ್ನೊಂದು ನೂರು.”

ಯಾಕೆಂದು ಕೇಳಲಿಲ್ಲ. ಬರೆದೆ.
ಪೆಟ್ಟಿಗೆ ಮುಚ್ಚಿಕೊಂಡಿತು.
ಕೆಂಪು ಹೋಗಲಿಲ್ಲ, ಅಂಕಿ ಸಣ್ಣದಾಯಿತು ಅಷ್ಟೆ.

ಉಳಿದದ್ದು ಒಂದು ಚೀಟಿ:
ಎಳ್ಳಮಾಸಿಗೆ ಹೊಲದಲ್ಲಿ ಚೆಲ್ಲಿದ ಚರಗ,
ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ,
ಎಲ್ಲ ಸೇರಿ ಮುನ್ನೂರಾ ನಲವತ್ತು.
ಬೀಜವಲ್ಲ, ಗೊಬ್ಬರವಲ್ಲ, ಕೂಲಿಯಲ್ಲ.
ಕರ್ಸರ್ ಬಹಳ ಹೊತ್ತು ಮಿಣುಕಿತು.

ದನದ ಹಾಳೆಗೆ ಹೋದೆ.
ಕೋಳಿಗಳ ಕೆಳಗೆ ಹೊಸ ಸಾಲು ಸೇರಿಸಿದೆ.
ಹೆಸರು: ಹೊಲ. ಸಂಖ್ಯೆ: ಒಂದು.
ಮೇವು: ಮುನ್ನೂರಾ ನಲವತ್ತು.
ಹುಟ್ಟಿದ ತಾರೀಖು, ಅಂತ ಕೇಳಿತು.

ಮೂರು, ಅಡ್ಡಗೆರೆ, ಇಪ್ಪತ್ತು.
ಮಾರ್ಚ್, ಅಂತು.
ಈ ಸಲ ಅಳಿಸಲಿಲ್ಲ.