ಕಿಟಕಿ ಕೊರೆದ ಚಿಪ್ಪು

ನುನ್ಸಿಯಾ ಚಿಕ್ಕಮ್ಮ ಮಾತಾಡುತ್ತಿದ್ದುದು ಕಡಿಮೆ,
ಬಾಯಿ ತೆರೆದರೆ ಪುಡಿ ಒಳಗೆ ಹೋಗುತ್ತದೆಂದು.
ತೊರ್ರೆ ದೆಲ್ ಗ್ರೆಕೊದಲ್ಲಿ ಮೂರನೇ ಮಹಡಿ,
ಬೆನ್ನಿಗೆ ವೆಸೂವಿಯಸ್, ಎದುರಿಗೆ ಕಡಲು.
ಎರಡನ್ನೂ ಬಿಟ್ಟು ಅವಳು ನೋಡುತ್ತಿದ್ದುದು
ಕೋಲಿನ ತುದಿಗೆ ಬಿಸಿ ರಾಳದಲ್ಲಿ ಅಂಟಿಸಿದ
ಹೆಬ್ಬೆರಳಗಲದ ಒಂದು ಚಿಪ್ಪಿನ ಹೋಳು.

ಚಿಪ್ಪು ದೂರದ್ದು. ಬಹಾಮಾಸ್ ಕಡೆಯಿಂದ
ಗೋಣಿಗಳಲ್ಲಿ ಬರುತ್ತಿತ್ತು,
ಸುರುಳಿಯ ತೀರ ಒಳಗೆಲ್ಲೋ
ಸತ್ತ ಹುಳುವಿನ ನಾತ ಇಟ್ಟುಕೊಂಡೇ.
ಹೊರಗೆ ಒರಟು, ನಡುವೆ ಹಾಲು, ಅಡಿಗೆ ಸುಟ್ಟ ಬೆಲ್ಲ.
"ಮೊದಲನೆಯದು ಕಸ," ಎನ್ನುವಳು ಚಿಕ್ಕಮ್ಮ,
"ಎರಡನೆಯದು ಹೆಣ್ಣು,
ಮೂರನೆಯದು ಅವಳ ಹಿಂದಿನ ಕತ್ತಲು."

ಉಳಿ ಕೂದಲೆಳೆಯಷ್ಟು ಹೆಚ್ಚು ಇಳಿದರೂ
ಕೆನ್ನೆ ಹರಿದು ಕತ್ತಲು ಇಣುಕುವುದು.
ಅಂಗಡಿಯವರಿಗೆ ಬೇಕಾದದ್ದು ಒಂದೇ ಮುಖ:
ನೆಟ್ಟನೆ ಮೂಗು, ಕಿವಿಯ ಮೇಲೆ ಗುಲಾಬಿ,
ಯಾರೂ ಅಲ್ಲದ ಒಬ್ಬಳು ಹುಡುಗಿ.
ಸಾವಿರಗಟ್ಟಲೆ ಕೊರೆದಳು.
ಲಂಡನ್ನಿನ ಕೊರಳುಗಳಲ್ಲಿ, ಬ್ಯೂನಸ್ ಐರಿಸ್ಸಿನ
ಒಡವೆಪೆಟ್ಟಿಗೆಗಳ ಮಖಮಲ್ಲಿನಲ್ಲಿ
ಆ ಯಾರೂ ಅಲ್ಲದವಳು ಬಲಕ್ಕೆ ಮುಖ ತಿರುಗಿಸಿ
ಇನ್ನೂ ಕೂತಿರಬೇಕು.

ಒಮ್ಮೆ ಮಾತ್ರ, ದೊನ್ ಎರ್ಮೆಲಿಂದೊ ಹೇಳಿ ಹೋದ
ಹನ್ನೆರಡರಲ್ಲಿ ಒಂದಕ್ಕೆ ನಡುವೆ ಮುರಿದ ಮೂಗು ಬಂತು.
ಕೆಳತುಟಿ ದಪ್ಪ. ಗುಲಾಬಿ ಇಲ್ಲ.
ಅಮ್ಮ.
ಮೆಟ್ಟಿಲಿಂದ ಬಿದ್ದಳೆಂದು ಮನೆಯಲ್ಲಿ ಹೇಳುತ್ತಿದ್ದರು,
ಒಂದು ಸಲ ಮೂಗು, ಇನ್ನೊಂದು ಸಲ ಕೈ,
ಕೊನೆಯ ಸಲ ಏನೆಂದು ಯಾರೂ ಹೇಳಲಿಲ್ಲ.
ನಾನು ನೋಡುತ್ತಲೇ ನಿಂತೆ. ಚಿಕ್ಕಮ್ಮ
ಪುಡಿ ಊದಿದಳು. "ಚಿಪ್ಪಿನಲ್ಲೇ ಗಂಟಿತ್ತು," ಎಂದಳು,
"ನಾನೇನು ಮಾಡಲಿ."
ದೊನ್ ಎರ್ಮೆಲಿಂದೊ ಭೂತಗನ್ನಡಿ ಹಿಡಿದು
ಆ ಒಂದಕ್ಕೆ ಅರ್ಧ ದುಡ್ಡು ಕೊಟ್ಟ.
ಅದೂ ಹೋಯಿತು, ಯಾವ ಊರಿಗೋ, ಯಾರ ಎದೆಗೋ.

ಕೊಯ್ದು ಉಳಿದ ಚಿಪ್ಪು ಮಕ್ಕಳ ಪಾಲು.
ಒಂದೊಂದರ ಬೆನ್ನಿಗೂ ಮೊಟ್ಟೆಯಾಕಾರದ ಕಿಟಕಿ.
ಕಿವಿಗೆ ಹಿಡಿದರೆ ಕಡಲು ಕೇಳಿಸುತ್ತಿರಲಿಲ್ಲ,
ಬೀದಿಯೇ ನೇರ ಒಳಗೆ ಬರುತ್ತಿತ್ತು:
ಸೀಗಡಿ ಮಾರುವವನ ಕೂಗು,
ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಒದರುವ ಸದ್ದು,
ಪಕ್ಕದ ಮನೆಯಲ್ಲಿ ಯಾರೋ
ಮತ್ತೆ ಮೆಟ್ಟಿಲಿಂದ ಬಿದ್ದದ್ದು.

ಅಂಗೈಯಿಂದ ಕಿಟಕಿ ಮುಚ್ಚಿ ನೋಡಿದೆ.
ಆಗ, ಚೂರೇ ಚೂರು,
ಕಡಲು.