ನಾಲ್ಕನೇ ಜ್ವರ

ಸೋಮವಾರ ಪಿಳ್ಳಪ್ಪ ಮೇಷ್ಟ್ರು ಹೇಳಿದರು:
"ಸುಗುಣಾ, ಇನ್ನು ಜೋರಾಗಿ ಓಡಬೇಡ.
ಬುಧವಾರದವರೆಗೆ ಮೂರು ಮೂರು ಕಿಲೋಮೀಟರು, ಅದೂ
ನೆಂಟರ ಮನೆಗೆ ಹೋಗಿ ಬಂದ ಹಾಗೆ.
ಆಮೇಲೆ ಕಾಲು ಚಾಚಿ ಕೂತ್ಕೋ."

ಕೂರುವುದನ್ನು ನನಗೆ ಯಾರೂ ಕಲಿಸಿಲ್ಲ.
ಹಿಪ್ಪುನೇರಳೆ ಸಾಲಲ್ಲಿ ಬಗ್ಗುವುದು ಗೊತ್ತು,
ಸೊಪ್ಪಿನ ಹೊರೆ ಹೊತ್ತು ಕೆರೆ ಏರಿ ಮೇಲೆ ನಡೆಯುವುದು ಗೊತ್ತು,
ನಿಂತೇ ಕಾಫಿ ಕುಡಿಯುವುದು ಗೊತ್ತು.
ಕೂತರೆ ಕಟ್ಟಿಹಾಕಿದ ಕರುವಿನ ಹಾಗೆ
ಮೊಣಕಾಲು ಹಗ್ಗ ಜಗ್ಗುತ್ತದೆ.
ಇಲ್ಲದ ನೋವು ಹಿಮ್ಮಡಿಯಲ್ಲಿ ಹುಟ್ಟುತ್ತದೆ,
ಸಂಜೆಗೆ ಸಾಯುತ್ತದೆ,
ಬೆಳಿಗ್ಗೆ ಇನ್ನೊಂದು ಕಾಲಲ್ಲಿ.

"ಓಡೋಕೆ ಹೋಗೋಳು ಮಲಗಿ ಅಭ್ಯಾಸ ಮಾಡ್ತಾಳಂತೆ,"
ನಮ್ಮತ್ತೆ ಬೀದಿಗೆಲ್ಲ ಹೇಳಿ ಬಂದರು.

ಹೋದ ವರ್ಷ ಏಳನೇ ಕಿಲೋಮೀಟರಿನಲ್ಲಿ ನಿಂತುಬಿಟ್ಟೆ.
ದ್ರಾಕ್ಷಿ ತೋಟದ ಕಲ್ಲುಕಂಬ ಹಿಡಿದು.
ಉಸಿರು ಇತ್ತು, ಕಾಲೂ ಇತ್ತು,
ಇನ್ನೇನೋ ಒಂದು ಇರಲಿಲ್ಲ.
ದೂರದಲ್ಲಿ ನಂದಿಬೆಟ್ಟ
ಮೆಲುಕು ಹಾಕುತ್ತ ಮಲಗಿತ್ತು, ಯಾವ ಅವಸರವೂ ಇಲ್ಲದೆ.
ಶಿಡ್ಲಘಟ್ಟದ ಬಸ್ಸು ಬಂತು. ಹತ್ತಿದೆ.
ಕಂಡಕ್ಟರು ಆಧಾರ್ ಕೇಳಿದ.
ಎದೆಗೆ ಪಿನ್ನು ಚುಚ್ಚಿದ್ದ ೩೧೮ ತೋರಿಸಿದೆ.
"ಈ ನಂಬರಿಗೆ ಫ್ರೀ ಇಲ್ಲ ಕಣಮ್ಮ."
ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.
ಯಾವುದೋ ಅಜ್ಜಿ ಎಲೆಅಡಿಕೆ ಚೀಲದಿಂದ ದುಡ್ಡು ತೆಗೆದು ಟಿಕೆಟ್ ಕೊಡಿಸಿತು.
ಆ ನಗು ಒಂದು ವರ್ಷದಿಂದ
ಹೊಟ್ಟೆಯಲ್ಲೇ ಇದೆ, ಅರಗದೆ.

"ಏಳನೆಯದನ್ನ ಮನೆಗೆ ಕರಿ," ಅಂತಾರೆ ಮೇಷ್ಟ್ರು,
"ಮಣೆ ಹಾಕಿ ಕೂರಿಸು, ಮುದ್ದೆ ಬಡಿಸು.
ಗುರ್ತು ಪರಿಚಯ ಆದ್ರೆ ಅಷ್ಟು ಕಾಟ ಕೊಡಲ್ಲ."
ಬುಧವಾರ ರಾತ್ರಿ ಕರೆದೆ.
ಬಂತು. ಗೋಡೆಗೆ ಒರಗಿ ಕೂತು
ಅವರೆಕಾಳು ಸಾರು ಎರಡು ಸಲ ಹಾಕಿಸಿಕೊಂಡಿತು.
ಏನೂ ಮಾತಾಡಲಿಲ್ಲ.
ನಾನೂ.

ಗುರುವಾರ ರಾತ್ರಿ ಹುಳ ನಾಲ್ಕನೇ ಜ್ವರಕ್ಕೆ ಕೂತವು.
ಮಧ್ಯಾಹ್ನದವರೆಗೆ ಬಿಡದೆ ತಿಂದವು
ತಲೆ ಎತ್ತಿ, ಮೈ ಬಿಗಿದು, ತಟ್ಟೆ ತಟ್ಟೆಯಲ್ಲೂ ಸುಮ್ಮನೆ.
ಸುಣ್ಣದ ಪುಡಿ ಉದುರಿಸಿದೆ, ಪರದೆ ಇಳಿಸಿದೆ.
ಈ ಹೊತ್ತಲ್ಲಿ ಮುಟ್ಟಬಾರದು.
ಮುಟ್ಟಿದರೆ ಹಳೇ ಚರ್ಮ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.
ಹದಿನಾರು ವರ್ಷದಿಂದ ಸಾಕುತ್ತಿದ್ದೇನೆ,
ಒಂದು ಸಲವೂ ಇವಕ್ಕೆ
"ಏಳ್ರೋ ಸೋಮಾರಿಗಳಾ" ಅಂದಿಲ್ಲ.
ಹುಳದ ಮನೆ ಬಾಗಿಲಾಚೆ ಚಾಪೆ ಹಾಸಿ
ನಾನೂ ಕೂತೆ.

ಶುಕ್ರವಾರ ಉಗುರು ಕತ್ತರಿಸಿದೆ. ಕಪ್ಪಾಗಿದ್ದ ಹೆಬ್ಬೆರಳನ್ನು
ಹುಷಾರಾಗಿ, ಬೇರೆಯವರ ಮಗುವಿನದು ಅನ್ನುವ ಹಾಗೆ.
ಹರಳೆಣ್ಣೆ ತಿಕ್ಕಿದೆ. ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು ಜಾಸ್ತಿ.
ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.
"ಅದೇ ನಿದ್ದೆ ಲೆಕ್ಕಕ್ಕೆ," ಮೇಷ್ಟ್ರು ಮೊದಲೇ ಹೇಳಿದ್ದರು,
"ಹಿಂದಿನ ರಾತ್ರಿ ಯಾರೂ ಮಲಗಲ್ಲ, ಮಲಗಿದೆ ಅನ್ನೋರು ಸುಳ್ಳು."

ಶನಿವಾರ ಕತ್ತಲಾದ ಮೇಲೆ ಒಂದೊಂದೇ ಎದ್ದವು.
ತೊಗಲು ಸಡಿಲ, ಅಣ್ಣನ ಅಂಗಿ ತಮ್ಮ ತೊಟ್ಟ ಹಾಗೆ.
"ಎಲ್ಲಾ ಏಳ್ಲಿ, ಆಮೇಲೆ ಸೊಪ್ಪು," ಅಂದರು ಆಂಜಿನಪ್ಪ,
ನನಗೇ ಕಲಿಸುವವರ ಹಾಗೆ.
"ಬೆಳಗಿನ ಜಾವ ನಾನು ಹಾಕ್ತೀನಿ. ನೀನು ಹೋಗು."

ನಾಲ್ಕೂವರೆಗೆ ಮೇಷ್ಟ್ರ ಟಿವಿಎಸ್ ಸದ್ದು.
ಅತ್ತೆ ಎದ್ದು ಬಂದು, ನಗದೆ,
ಸೊಂಟದ ಚೀಲಕ್ಕೆ ಆಧಾರ್ ಕಾರ್ಡು ತುರುಕಿದರು:
"ಇರ್ಲಿ. ಬಸ್ಸಿಗೆ."
ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟೆ.
ಮತ್ತೆ ತೆಗೆದುಕೊಂಡೆ.
ಮತ್ತೆ ಇಟ್ಟೆ, ಉಪ್ಪಿನ ಡಬ್ಬಿಯ ಕೆಳಗೆ.
ಒಳಗೆ ಆಂಜಿನಪ್ಪ ಮೊದಲ ಸೊಪ್ಪು ಉದುರಿಸುತ್ತಿದ್ದರು,
ತೆಳ್ಳಗೆ, ತುಂಬಾ ತೆಳ್ಳಗೆ.
ಮೇಷ್ಟ್ರು ಹಾರ್ನ್ ಒತ್ತಿದರು.