ಟಕ್ಕಿಗೂ ಟಕ್ಕಿಗೂ ನಡುವೆ

ಅಂಗಿ ಬಿಚ್ಚಿ ಮಲಗಿದ ಚುಬ್ರ.
ಎದೆಗೆ ಆರು ಬಟ್ಟಲು ಅಂಟಿಸಿದೆ,
ಕೈಕಾಲಿಗೆ ನಾಲ್ಕು ಕ್ಲಿಪ್ಪು.
‘ಶಾಕ್ ಹೊಡೀತದಾ ಸಿಸ್ಟರ್?’
ನಾನು ಸಿಸ್ಟರ್ ಅಲ್ಲ ಎಂದು ತಿದ್ದುವುದನ್ನು
ಬಿಟ್ಟು ವರ್ಷಗಳಾದವು.
‘ಇದು ಕೊಡುವ ಮಿಷನ್ ಅಲ್ಲ, ಕೇಳುವ ಮಿಷನ್.
ಕರೆಂಟು ನಿನ್ನದೇ.’

ನಕ್ಕ. ಹನ್ನೊಂದು ವರ್ಷದಿಂದ
ತಿತಿಮತಿಯ ಕಾಡಂಚಿನ ತೋಟದಲ್ಲಿ
ಸೋಲಾರ್ ಬೇಲಿ ನೋಡಿಕೊಳ್ಳುವವನು.
ಅಲ್ಲಿ ಡಬ್ಬಿಯೊಂದು ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ,
ಆ ಟಕ್ ತಂತಿ ಹಿಡಿದು ಮೂರು ಕಿಲೋಮೀಟರ್ ಓಡಿ
ಆನೆಯ ಸೊಂಡಿಲು ಹುಡುಕುತ್ತದೆ.
‘ನನ್ನೊಳಗೂ ಡಬ್ಬಿ ಉಂಟಾ?’

ಉಂಟು. ಬಲಗಡೆ ಮೇಲ್ಕೋಣೆಯ ಮೂಲೆಯಲ್ಲಿ,
ಭತ್ತದ ಕಾಳಿಗಿಂತ ತುಸು ಉದ್ದ.
ಸ್ವಿಚ್ಚಿಲ್ಲ, ಬಿಸಿಲು ಬೇಡ,
ಯಾರೂ ಹೇಳದೆ ತಾನೇ ಚಿಮ್ಮುತ್ತದೆ.
ಮೇಲಿನೆರಡು ಕೋಣೆ ಮೈ ಮುರಿಯುತ್ತವೆ.
ಆಮೇಲೆ ನಡುವೆ ಒಂದು ಗೇಟು.
ಅಲ್ಲಿ ಕರೆಂಟು ತಡೆದು ನಿಲ್ಲುತ್ತದೆ, ಬೇಕೆಂದೇ,
ಸೆಕೆಂಡಿನ ಹತ್ತರಲ್ಲೊಂದು ಪಾಲು,
ಮೇಲಿನ ರಕ್ತ ಪೂರ್ತಿ ಕೆಳಗಿಳಿಯಲಿ ಎಂದು.
ಇಷ್ಟು ಸಣ್ಣ ತಾಳ್ಮೆಯ ಮೇಲೆ
ಆಳು ನಿಂತಿದ್ದಾನೆ, ಆರಡಿ ಎತ್ತರ.
ಗೇಟು ದಾಟಿದರೆ ಒಂದೇ ತಂತಿ, ಅದು ಎರಡಾಗಿ,
ಎರಡೂ ಒಳಗೋಡೆಗೆ ಬೇರು ಬಿಟ್ಟು,
ತುದಿಯಿಂದ ಮೇಲಕ್ಕೆ
ಒದ್ದೆ ಪಂಚೆ ಹಿಂಡಿದ ಹಾಗೆ.

ಇದರಲ್ಲಿ ಅರ್ಧ ಹೇಳಿದೆ.
ಇನ್ನರ್ಧ ನನ್ನ ಟ್ರೈನಿಂಗ್ ನೋಟುಬುಕ್ಕಿನಲ್ಲಿದೆ.

ಗುಲಾಬಿ ಚೌಕುಳಿ ಕಾಗದ ಉರುಳುತ್ತ ಬಂತು.
ಚಿಕ್ಕ ದಿಣ್ಣೆ, ಚೂಪು ಬೆಟ್ಟ, ಮತ್ತೆ ದಿಣ್ಣೆ.
ಮುಂದಿನ ಸಲ ಬೆಟ್ಟ ಸ್ವಲ್ಪ ತಡ.
ಅದರ ಮುಂದಿನ ಸಲ ಇನ್ನೂ ತಡ.
ಆಮೇಲೆ ದಿಣ್ಣೆ ಮಾತ್ರ,
ಬೆಟ್ಟ ಬರಲೇ ಇಲ್ಲ.
ಬಯಲು.
ಮರುಕ್ಷಣ ಏನೂ ಆಗದವನಂತೆ ಮೊದಲಿಂದ ಶುರು.

ಆಗಲೇ ಗೋಣಿಕೊಪ್ಪದಲ್ಲಿ ಕರೆಂಟು ಹೋಯಿತು.
ಮಿಷನ್ನಿನ ಹಸಿರು ಗೆರೆಯೊಂದೇ ಬೆಳಕು.
ಚುಬ್ರ ತನ್ನ ಮಣಿಕಟ್ಟು ಹಿಡಿದುಕೊಂಡು
ಮಂಚದ ಕಬ್ಬಿಣಕ್ಕೆ ಬೆರಳು ಬಡಿಯುತ್ತಿದ್ದ.
ಟಕ್. ಟಕ್. ಟಕ್.
ನಾಲ್ಕನೆಯದಕ್ಕೆ ಬೆರಳು ಗಾಳಿಯಲ್ಲೇ ನಿಂತಿತು.
‘ಎಲ್ಲೋ ಬಳ್ಳಿ ತಗಲಿದೆ,’ ಎಂದ. ‘ಕತ್ತಿ ಹಿಡಿದು
ಬೇಲಿ ಉದ್ದಕ್ಕೂ ನಡೆದರೆ ಸಿಕ್ತದೆ.’

ಇಲ್ಲಿ ನಡೆಯಲು ದಾರಿಯಿಲ್ಲ ಚುಬ್ರ.
ಡಾಕ್ಟರು ಮೈಸೂರಿಗೆ ಚೀಟಿ ಬರೆಯುತ್ತಾರೆ.

ಅವನಿಗೆ ಚೀಟಿಯ ಗಮನವಿಲ್ಲ.
‘ಒಂದು ಒಂಟಿ ಸಲಗ ಉಂಟು.
ರಾತ್ರಿ ಬೇಲಿ ಹತ್ತಿರ ಬಂದು
ಕಿವಿ ಬೀಸೋದು ನಿಲ್ಲಿಸ್ತದೆ. ಟಕ್ ಕೇಳ್ತದೆ.
ಕೇಳಿ ಕೇಳಿ ವಾಪಸ್ ಹೋಗ್ತದೆ.
ಟಕ್ ಬಾರದ ದಿನ
ಮೆಲ್ಲಗೆ ಕಾಲು ಒಳಗಿಡ್ತದೆ. ಸದ್ದೇ ಇಲ್ಲ.’

ದೀಪ ಬಂತು. ಬಟ್ಟಲು ಕಿತ್ತೆ,
ಎದೆಯಲ್ಲಿ ಆರು ಕೆಂಪು ಉಂಗುರ.
ಗುಂಡಿ ತಪ್ಪಾಗಿ ಹಾಕಿಕೊಂಡ,
ಚೀಟಿಯನ್ನು ಎಡ ಜೇಬಿಗೆ ತುರುಕಿ
ಕೊನೆಯ ಬಸ್ಸಿಗೆ ಓಡಿದ.
ಓಡಬೇಡ ಎಂದೆ.

ಪೊನ್ನಂಪೇಟೆ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ
ಎಡಮಗ್ಗುಲಿಗೆ ಮಲಗಿದರೆ
ದಿಂಬಿನೊಳಗಿಂದ ಕೇಳುತ್ತದೆ.
ಎಷ್ಟು ಜನರದ್ದು ತೆಗೆದಿದ್ದೇನೆ,
ನನ್ನದನ್ನು ಎಂದೂ ಎಣಿಸಿರಲಿಲ್ಲ.
ಟಕ್. ಟಕ್.
ಹೊರಗೆ, ಕಿವಿ ಬೀಸುವುದನ್ನು ನಿಲ್ಲಿಸಿ
ಯಾವುದೋ ನಿಂತಿದೆ.